ಮಕ್ಕಳ ಅಳಲನ್ನು ಅರಿತ ವೈದ್ಯ

ಕಾಯಿಲೆ ಬಿದ್ದ ಮಗು ಆಸ್ಪತ್ರೆಯಲ್ಲಿ ಮಲಗಿದ್ದರೆ ತಾಯಿ ಅದರ ತಲೆದೆಸೆಯಲ್ಲಿ ಕುಳಿತಿರುವುದು ನಮಗೆ ಸಹಜವಾಗಿ ತೋರುತ್ತದೆ. ಆದರೆ 1950ರ ಸುಮಾರಿನಲ್ಲಿ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ವಾರಕ್ಕೆ ಒಂದೆರಡು ಸಲ, ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ ತಂದೆತಾಯಿಗಳು ಬಂದು ನೋಡಬಹುದಾಗಿತ್ತು. ಅವರು ಬಂದು ಹೋದರೆ ಮಕ್ಕಳು ಅಳುತ್ತವೆ, ಸೋಂಕು ಹರಡುತ್ತದೆ ಎಂಬುದು ಆಸ್ಪತ್ರೆಯವರ ವಾದ. ಆ ಬಾಗಿಲುಗಳನ್ನು ತೆರೆಯಿಸಲು ಶ್ರಮಿಸಿದವರಲ್ಲಿ ಜಾನ್ ಬೌಲ್ಬಿ ಪ್ರಮುಖರು.

ಬೌಲ್ಬಿ 1907ರ ಫೆಬ್ರವರಿ 26ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಹೆಸರಾಂತ ಶಸ್ತ್ರವೈದ್ಯರು. ಅಂದಿನ ಸಿರಿವಂತರ ರೂಢಿಯಂತೆ ಮನೆಯಲ್ಲಿ ಮಕ್ಕಳನ್ನು ದಾದಿಯರೇ ಸಾಕುತ್ತಿದ್ದರು. ತಾಯಿಯ ಸಂಗ ದೊರೆಯುತ್ತಿದ್ದುದು ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ. ಅಕ್ಕರೆಯಿಂದ ನೋಡಿಕೊಂಡಿದ್ದ ದಾದಿಯೊಬ್ಬಳು, ಬಾಲಕನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಕೆಲಸ ಬಿಟ್ಟು ಹೊರಟುಹೋದಳು. ಆ ಅಗಲಿಕೆಯ ನೋವನ್ನು ಬೌಲ್ಬಿ ಕೊನೆಯವರೆಗೂ ಮರೆಯಲಿಲ್ಲ.

ಕೇಂಬ್ರಿಜ್‌ನಲ್ಲಿ ಓದಿ, ಕೆಲಕಾಲ ಉಪಾಧ್ಯಾಯರಾಗಿದ್ದು, ಬಳಿಕ ಅವರು ಮನೋವೈದ್ಯರಾದರು. ಕಳ್ಳತನಕ್ಕೆ ಇಳಿದಿದ್ದ 44 ಮಂದಿ ಮಕ್ಕಳನ್ನು ಪರೀಕ್ಷಿಸಿ 1944ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರಲ್ಲಿ 14 ಮಕ್ಕಳು ಯಾರಲ್ಲಿಯೂ ಪ್ರೀತಿಯಿಲ್ಲದವರಂತೆ ಇದ್ದರು. ಆ 14 ಮಂದಿಯಲ್ಲಿ 12 ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ದೂರವಾಗಿದ್ದವರು. ಯುದ್ಧಾನಂತರ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ, ಮನೆಮಠವಿಲ್ಲದ ಮಕ್ಕಳನ್ನು ಕುರಿತು ಅವರು ಸಿದ್ಧಪಡಿಸಿದ ವರದಿ 1951ರಲ್ಲಿ ಹೊರಬಂದಿತು. ದೇಹಕ್ಕೆ ಆಹಾರ ಹೇಗೋ ಎಳೆಯ ಮನಸ್ಸಿಗೆ ಎಡೆಬಿಡದ ವಾತ್ಸಲ್ಯ ಹಾಗೆ ಎಂಬುದು ಅದರ ತಿರುಳು.

ವರದಿಯನ್ನು ಓದಿ ಎಲ್ಲರೂ ಒಪ್ಪಿದರೆಂದಲ್ಲ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಹಿಂದೆ ಒಂದು ಶಿಶುವಿಹಾರದಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರು, ಕ್ಯಾಮರಾ ಹಿಡಿದು ಆಸ್ಪತ್ರೆಗೆ ಹೋದರು. ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಅಲ್ಲಿದ್ದ, ಎರಡು ವರ್ಷ ಐದು ತಿಂಗಳಿನ ಹೆಣ್ಣುಮಗುವೊಂದನ್ನು ಚಿತ್ರೀಕರಿಸಿದರು. ದುಃಖದ ಗಳಿಗೆಗಳನ್ನೇ ಆರಿಸಿ ತೋರಿಸಿದರೆಂಬ ಆಕ್ಷೇಪ ಬಾರದಿರಲೆಂದು ನಿಗದಿಯಾದ ವೇಳೆಗೆ ಸರಿಯಾಗಿ ಚಿತ್ರ ತೆಗೆದರು; ಗೋಡೆಯ ಗಡಿಯಾರವೇ ಅದಕ್ಕೆ ಸಾಕ್ಷಿ. ಮಗು ಗಟ್ಟಿಯಾಗಿ ಅತ್ತದ್ದು ಕಡಿಮೆ. ಅಳುವನ್ನು ನುಂಗಿಕೊಂಡು, ಬಂದ ತಾಯಿಯಿಂದಲೂ ಮುಖ ತಿರುಗಿಸುವ ಆ ಮೌನವನ್ನು ದಾದಿಯರು ಹೊಂದಿಕೆಯೆಂದು ತಿಳಿದಿದ್ದರು. ಅದು ನಿರಾಶೆಯೆಂಬುದು ಚಿತ್ರದಲ್ಲಿ ಕಣ್ಣಿಗೆ ಕಟ್ಟುವಂತಿತ್ತು. 1952ರಲ್ಲಿ ಅದನ್ನು ವೈದ್ಯರ ಸಭೆಯಲ್ಲಿ ಪ್ರದರ್ಶಿಸಿದಾಗ ಹಲವರು ಸಿಟ್ಟಾದರು. ಆದರೂ 1959ರಲ್ಲಿ ಸರ್ಕಾರಿ ಸಮಿತಿಯೊಂದು, ತಂದೆತಾಯಿಗಳಿಗೆ ಮಕ್ಕಳನ್ನು ನೋಡಲು ತಡೆಯಿರಬಾರದೆಂದು ಶಿಫಾರಸು ಮಾಡಿತು. ಆಮೇಲೂ ಎಷ್ಟೋ ಆಸ್ಪತ್ರೆಗಳು ನಿಧಾನವಾಗಿಯೇ ಬದಲಾದವು.

ಬೌಲ್ಬಿಯವರ ಮಾತೆಲ್ಲವೂ ಅಂತಿಮವಲ್ಲ. ಕ್ಷಯರೋಗದ ಆಸ್ಪತ್ರೆಯಲ್ಲಿ ಎಳವೆಯನ್ನು ಕಳೆದ ಮಕ್ಕಳನ್ನು ಮುಂದೆ ಪರೀಕ್ಷಿಸಿದಾಗ, ತಾವು ಭಾವಿಸಿದಷ್ಟು ಹಾನಿ ಎಲ್ಲರಿಗೂ ಆಗಿಲ್ಲವೆಂಬುದು ಕಂಡಿತು. ಅದನ್ನು ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಭೂಷಣ ಬೇರೆ ಇದೆಯೆಂದು ನನಗೆ ತೋರದು. ತಂದೆ, ಅಜ್ಜಿ ಮೊದಲಾದವರ ಆಸರೆಗೂ ಅಷ್ಟೇ ಬೆಲೆಯುಂಟೆಂದು ಅನಂತರದ ವಿದ್ವಾಂಸರು ತೋರಿಸಿಕೊಟ್ಟರು. 1969ರಿಂದ 1980ರ ನಡುವೆ ಮೂರು ಸಂಪುಟಗಳಲ್ಲಿ ಬಂದ ಗ್ರಂಥದಲ್ಲಿ ಬೌಲ್ಬಿ ಅನುಬಂಧ ಸಿದ್ಧಾಂತವನ್ನು ವಿಸ್ತಾರವಾಗಿ ನಿರೂಪಿಸಿದರು. ಆಪ್ತರನ್ನು ಅಂಟಿಕೊಂಡಿರುವುದು ಮಗುವಿನ ದೌರ್ಬಲ್ಯವಲ್ಲ, ಅದನ್ನು ಉಳಿಸುವ ಹುಟ್ಟುಗುಣ ಎಂಬುದು ಅಲ್ಲಿನ ಪ್ರತಿಪಾದನೆ.

ಅವರ ಕೊನೆಯ ಕೃತಿ ಚಾರ್ಲ್ಸ್ ಡಾರ್ವಿನ್ನನ ಜೀವನಚರಿತ್ರೆ. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಆ ಶೋಕವನ್ನು ಹೊರಗೆಡಹಲಾರದೆ ಹೋದ ಬಾಲಕ ಡಾರ್ವಿನ್ನನಲ್ಲಿಯೇ ಅವನ ಮುಂದಿನ ದೀರ್ಘ ಅನಾರೋಗ್ಯದ ಬೇರನ್ನು ಬೌಲ್ಬಿ ಹುಡುಕಿದರು. ಆ ಪುಸ್ತಕ ಪ್ರಕಟವಾದ 1990ರಲ್ಲಿಯೇ, ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಅವರು ನಿಧನರಾದರು.