ಸಾವಿರಾರು ಮೀನುಗಳಿಗೆ ಹೆಸರಿಟ್ಟ ವೈದ್ಯ ಪೀಟರ್ ಬ್ಲೇಕರ್

ಹವಳದ ದಿಬ್ಬದ ಆರೋಗ್ಯವನ್ನು ಅಳೆಯುವಾಗ ವಿಜ್ಞಾನಿಗಳು ಹವಳವನ್ನಷ್ಟೇ ನೋಡುವುದಿಲ್ಲ. ಅದನ್ನು ಆಶ್ರಯಿಸಿದ ಮೀನುಗಳ ಪ್ರಭೇದಗಳನ್ನೂ ಎಣಿಸುತ್ತಾರೆ. ಎಣಿಕೆಗೆ ಮೊದಲು ಹೆಸರು ಬೇಕು. ಇಂಡೋನೇಷ್ಯಾದ ಕಡಲಿಗೆ ಅಂಥ ಹೆಸರುಗಳ ಪಟ್ಟಿಯನ್ನು ಕಟ್ಟಿಕೊಟ್ಟವರಲ್ಲಿ ಅಗ್ರಗಣ್ಯರು ಡಚ್ ಸೇನಾ ವೈದ್ಯ ಪೀಟರ್ ಬ್ಲೇಕರ್.

ಬ್ಲೇಕರ್ 1819ರ ಜುಲೈ 10ರಂದು ನೆದರ್‌ಲೆಂಡ್ಸ್‌ನ ಝಾಂಡಾಮ್‌ನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿ ಔಷಧ ತಯಾರಿಕೆಯನ್ನು ಕಲಿತು, ಬಳಿಕ ವೈದ್ಯರಾದರು. 1842ರಲ್ಲಿ ಸೇನಾ ವೈದ್ಯಾಧಿಕಾರಿಯಾಗಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಬಂದರು. ಅಲ್ಲಿನ ಮೀನು ಮಾರುಕಟ್ಟೆಯೇ ಅವರ ಪ್ರಯೋಗಶಾಲೆಯಾಯಿತು. ಬೆಸ್ತರಿಂದ ಮೀನುಗಳನ್ನು ಪಡೆದರು. ದೂರದ ದ್ವೀಪಗಳ ಠಾಣ್ಯಗಳಲ್ಲಿದ್ದ ಪರಿಚಿತರು ಮಾದರಿಗಳನ್ನು ಕಳುಹಿಸಿಕೊಟ್ಟರು. 1855ರಲ್ಲಿ ಸ್ವತಃ ಸೆಲೆಬಿಸ್ ಹಾಗೂ ಮೊಲುಕ್ಕಾ ದ್ವೀಪಗಳಿಗೆ ಪ್ರಯಾಣ ಬೆಳೆಸಿದರು.

ಹೀಗೆ ಸಂಗ್ರಹವಾದ ಮಾದರಿಗಳು 12,000ಕ್ಕೂ ಅಧಿಕ. ಮೀನುಗಳ ಕುರಿತು 500ಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದ ಬ್ಲೇಕರ್, 511 ಕುಲಗಳನ್ನೂ 1,925 ಪ್ರಭೇದಗಳನ್ನೂ ಹೊಸವೆಂದು ವರ್ಣಿಸಿದರು. ಅವುಗಳಲ್ಲಿ ಹಲವು ಮೊದಲೇ ಹೆಸರು ಪಡೆದಿದ್ದವೆಂದು ಮುಂದೆ ತಿಳಿದುಬಂದರೂ ಕಾರ್ಯದ ಹಿರಿಮೆ ಕುಂದಲಿಲ್ಲ.

ಅವರು ಹೆಸರಿಟ್ಟ ಮೀನುಗಳು ಇಂದು ದಿಬ್ಬದ ಕಥೆ ಹೇಳುತ್ತವೆ. 1853ರಲ್ಲಿ ಅವರು ವರ್ಣಿಸಿದ ಪೊಮಸೆಂಟ್ರಸ್ ಮೊಲುಕ್ಕೆನ್ಸಿಸ್ ಎಂಬ ಹಳದಿ ಮೀನು ಕವಲೊಡೆದ ಜೀವಂತ ಹವಳಗಳ ನಡುವೆ ಬಾಳುತ್ತದೆ. ಹವಳ ಸತ್ತರೆ ಅದೂ ವಿರಳವಾಗುತ್ತದೆ. 1851ರಲ್ಲಿ ಅವರು ಸ್ಥಾಪಿಸಿದ ಲ್ಯಾಬ್ರಾಯ್ಡಿಸ್ ಕುಲದ ಮೀನುಗಳು ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ತಿಂದು ಶುಚಿಗೊಳಿಸುತ್ತವೆ. ಇವುಗಳನ್ನು ತೆಗೆದ ದಿಬ್ಬಗಳಲ್ಲಿ ಮೀನುಗಳ ವೈವಿಧ್ಯ ಕುಗ್ಗಿದ್ದು ಪ್ರಯೋಗಗಳಿಂದ ಸಿದ್ಧವಾಗಿದೆ. ಹವಳವನ್ನೇ ತಿನ್ನುವ ಚಿಟ್ಟೆ ಮೀನುಗಳು ಕಡಿಮೆಯಾದರೆ ಆಹಾರ ಕ್ಷೀಣಿಸಿದೆಯೆಂದು ಶಂಕಿಸಬೇಕು. ಪಾಚಿ ಮೇಯುವ ಗಿಳಿ ಮೀನುಗಳನ್ನು ಮಿತಿಮೀರಿ ಹಿಡಿದರೆ ಪಾಚಿಯು ಹವಳವನ್ನು ಮುಚ್ಚಬಲ್ಲದು. ಆದುದರಿಂದ ಎಷ್ಟು ಮೀನುಗಳಿವೆ ಎಂಬುದರಷ್ಟೇ, ಯಾವ ಮೀನುಗಳಿವೆ ಎಂಬುದೂ ಮುಖ್ಯ.

1860ರಲ್ಲಿ ಸ್ವದೇಶಕ್ಕೆ ಮರಳಿದ ಬ್ಲೇಕರ್, ಪೂರ್ವ ಇಂಡೀಸ್‌ನ ಮೀನುಗಳ ಬಣ್ಣದ ಚಿತ್ರಸಂಪುಟಗಳನ್ನು 1862ರಿಂದ ಪ್ರಕಟಿಸತೊಡಗಿದರು. 1878ರ ಜನವರಿ 24ರಂದು ಹೇಗ್ ನಗರದಲ್ಲಿ ನಿಧನರಾದಾಗ ಆ ಮಹಾಕಾರ್ಯ ಅಪೂರ್ಣವಾಗಿತ್ತು. ಉಳಿದ ಚಿತ್ರಗಳು ಬೆಳಕು ಕಂಡದ್ದು 1983ರಲ್ಲಿ.

ಅವರು ನೆಲೆಸಿದ್ದ ಜಕಾರ್ತಾದ ಕೊಲ್ಲಿಯಲ್ಲಿ ನಗರದ ಕೊಳಚೆ ಮತ್ತು ಹೂಳಿನಿಂದ ದಡದ ಸಮೀಪದ ಹವಳದ ದಿಬ್ಬಗಳು ತೀವ್ರವಾಗಿ ಹಾಳಾಗಿವೆ. ಅವರ ಸಂಗ್ರಹದ ಹಲವು ಮೀನುಗಳು ಮಾತ್ರ ಲೈಡನ್‌ನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಒಂದು ಕಡಲು ಏನನ್ನು ಕಳೆದುಕೊಂಡಿದೆ ಎಂದು ಅರಿಯಲು ಅಲ್ಲಿ ಹಿಂದೆ ಏನಿತ್ತೆಂಬ ದಾಖಲೆ ಬೇಕು. ಆ ದಾಖಲೆಯೇ ಬ್ಲೇಕರ್ ಬಿಟ್ಟುಹೋದ ಆಸ್ತಿ.