ಜಿ. ಎನ್. ರಾಮಚಂದ್ರನ್

ನಮ್ಮ ಚರ್ಮ, ಎಲುಬು, ಸ್ನಾಯು, ರಕ್ತ, ಇವೆಲ್ಲದರಲ್ಲಿಯೂ ಪ್ರೋಟೀನುಗಳಿವೆ. ಅಮೈನೋ ಆಮ್ಲಗಳೆಂಬ ಘಟಕಗಳು ಮಣಿಸರದಂತೆ ಒಂದಕ್ಕೊಂದು ಕೂಡಿ ಪ್ರೋಟೀನು ಆಗುತ್ತದೆ. ಈ ಸರಪಣಿ ನೇರವಾಗಿ ನಿಲ್ಲದೆ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಆ ಆಕಾರವನ್ನು ಅವಲಂಬಿಸಿಯೇ ಪ್ರೋಟೀನು ತನ್ನ ಕೆಲಸವನ್ನು ಮಾಡುತ್ತದೆ. ಈ ಮಡಿಕೆಗಳಿಗೆ ಇರುವ ಎಲ್ಲೆಯನ್ನು ಗುರುತಿಸಿದ ಕೀರ್ತಿ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರಿಗೆ ಸಲ್ಲುತ್ತದೆ.

ರಾಮಚಂದ್ರನ್ ಅವರು 1922ನೆಯ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ರಾಮಚಂದ್ರನ್ ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿದ್ದ ಸರ್ ಸಿ. ವಿ. ರಾಮನ್ ಈ ತರುಣನ ಪ್ರತಿಭೆಯನ್ನು ಗುರುತಿಸಿ, ಭೌತವಿಜ್ಞಾನದ ಕಡೆಗೆ ಸೆಳೆದುಕೊಂಡರು. ಮುಂದೆ ಅವರು ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಬೆಂಗಳೂರಿಗೆ ಹಿಂದಿರುಗಿದರು.

1952ರಲ್ಲಿ, ಮೂವತ್ತು ತುಂಬುವ ಮೊದಲೇ, ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಚರ್ಮ ಹಾಗೂ ಎಲುಬುಗಳಿಗೆ ಬಲವನ್ನೀಯುವ ಕೊಲಾಜನ್ ಎಂಬ ಪ್ರೋಟೀನಿನಲ್ಲಿ ಮೂರು ಎಳೆಗಳು ಹಗ್ಗದಂತೆ ಹೆಣೆದುಕೊಂಡಿವೆಯೆಂದು ಗೋಪಿನಾಥ ಕರ್ತಾರೊಡನೆ 1954ರಲ್ಲಿ ತೋರಿಸಿದರು. ಆದರೆ ಅವರ ರಚನೆಯಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರವಾಗಿವೆಯೆಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಮುಂದೆ ಆ ರಚನೆಯ ವಿವರಗಳಲ್ಲಿ ತಿದ್ದುಪಡಿಗಳಾದರೂ ಮೂರೆಳೆಯ ಮೂಲ ಕಲ್ಪನೆ ಸ್ಥಿರವಾಗಿ ಉಳಿಯಿತು.

ರಾಮಚಂದ್ರನ್ ಆ ಟೀಕೆಯನ್ನೇ ಹೊಸ ಪ್ರಶ್ನೆಯಾಗಿ ಸ್ವೀಕರಿಸಿದರು. ಎರಡು ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಲ್ಲವು? ಇದನ್ನರಿಯಲು ಅದುವರೆಗೆ ತಿಳಿದಿದ್ದ ಹರಳುಗಳ ರಚನೆಗಳನ್ನು ಪರಿಶೀಲಿಸಿದರು. ಪ್ರೋಟೀನಿನ ಸರಪಣಿ ಪ್ರತಿಯೊಂದು ಘಟಕದ ಬಳಿಯೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗುತ್ತದೆ. ಯಾವ ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಗುವುದಿಲ್ಲವೆಂಬುದನ್ನು ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಲೆಕ್ಕಹಾಕಿ, 1963ರಲ್ಲಿ ಒಂದು ನಕ್ಷೆಯಾಗಿ ಪ್ರಕಟಿಸಿದರು. ಅದೇ ಲೋಕವಿಖ್ಯಾತವಾದ ರಾಮಚಂದ್ರನ್ ನಕ್ಷೆ.

ಅವರು ಮತ್ತೆ ಬೆಂಗಳೂರಿಗೆ ಬಂದು, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿ ಬೆಳೆಸಿದರು. ಎಕ್ಸ್‌ಕಿರಣದ ಚಿತ್ರಗಳಿಂದ ವಸ್ತುವಿನ ಒಳಭಾಗವನ್ನು ರೂಪಿಸುವ ಗಣಿತವಿಧಾನವೊಂದನ್ನು 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ನೊಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ. 2001ನೆಯ ಏಪ್ರಿಲ್ 7ರಂದು ಅವರು ನಿಧನ ಹೊಂದಿದರು.

ಒಂದು ಪ್ರೋಟೀನಿನ ಆಕಾರವನ್ನು ಪ್ರಯೋಗದಿಂದ ತಿಳಿಯಲು ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ಪ್ರಯೋಗಗಳಿಂದ ತಿಳಿದ ಸಾವಿರಾರು ಆಕಾರಗಳಿಂದ ಕಲಿತ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ, ಅಮೈನೋ ಆಮ್ಲಗಳ ಅನುಕ್ರಮವೊಂದರಿಂದಲೇ ಅನೇಕ ಪ್ರೋಟೀನುಗಳ ಆಕಾರವನ್ನು ನಿಖರವಾಗಿ ಊಹಿಸಬಲ್ಲುದೆಂಬುದು 2020ರಲ್ಲಿ ಸಿದ್ಧವಾಯಿತು. 2022ರ ವೇಳೆಗೆ ಅದು 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಊಹಿಸಿತ್ತು. ಇದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆದರೆ ಯಂತ್ರದ ಊಹೆಯೂ ತಪ್ಪಬಹುದು. ಆದುದರಿಂದ ವಿಜ್ಞಾನಿಗಳು ಅದನ್ನು ಒರೆಗೆ ಹಚ್ಚಿ ನೋಡುತ್ತಾರೆ. ಅವರು ಬಳಸುವ ಒರೆಗಲ್ಲುಗಳಲ್ಲಿ, ಒಂದು ಟೀಕೆಗೆ ಉತ್ತರವನ್ನು ಅರಸುತ್ತ ರಾಮಚಂದ್ರನ್ ರಚಿಸಿದ ಆ ನಕ್ಷೆಯೂ ಒಂದು.