ಶಬ್ದಗಳನ್ನು ತೂಗಿ ಇಟ್ಟ ಬೆನಗಲ್ ನರಸಿಂಗರಾಯರು

ಮನೆಯನ್ನು ನೋಡಬಂದವರ ಕಣ್ಣು ಬಾಗಿಲಿನ ಕೆತ್ತನೆಯ ಮೇಲೆ ಬೀಳುವದು. ನೆಲದೊಳಗಿನ ಅಡಿಗಲ್ಲನ್ನು ನೆನೆಯುವವರು ವಿರಳ. ನಮ್ಮ ಹಿರಿಯರು ರಾಜ್ಯಘಟನೆಯೆಂದೂ ನಾವು ಸಂವಿಧಾನವೆಂದೂ ಕರೆಯುವ ದೇಶದ ಮೂಲ ಕಾನೂನಿಗೆ ಅಂಥ ಅಡಿಗಲ್ಲನ್ನು ಹೊಂದಿಸಿಕೊಟ್ಟವರಲ್ಲಿ ಸರ್ ಬೆನಗಲ್ ನರಸಿಂಗರಾಯರು ಒಬ್ಬರು. ಕಾನೂನಿನಲ್ಲಿ ಒಂದು ಶಬ್ದವನ್ನು ಇಡುವದರಿಂದಲೂ ತೆಗೆಯುವದರಿಂದಲೂ ಬಡವರ ಬಾಳು ಹೇಗೆ ಬದಲಾಗುವದೆಂಬುದನ್ನು ಇವರ ಚರಿತ್ರೆಯಿಂದ ತಿಳಿಯಬಹುದು.

ರಾಯರು 1887ನೆಯ ಇಸವಿಯ ಫೆಬ್ರುವರಿ 26ರಂದು ಕನ್ನಡ ಕರಾವಳಿಯ ಒಂದು ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆಯವರಾದ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಮಗನು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮದ್ರಾಸು ಇಲಾಖೆಗೇ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮದ್ರಾಸಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ವರ್ಗವನ್ನು ಪಡೆದು, ವಿದ್ಯಾರ್ಥಿವೇತನದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋಗಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 1910ರಲ್ಲಿ ಬಂಗಾಲದಲ್ಲಿ ಸರಕಾರಿ ಸೇವೆಗೆ ಸೇರಿದರು. ಮುಂದೆ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಆದರು.

1941ರಲ್ಲಿ ಹಿಂದೂ ಕಾನೂನನ್ನು ಪರಿಶೀಲಿಸುವ ಸಮಿತಿಗೆ ರಾಯರು ಅಧ್ಯಕ್ಷರಾದರು. ಆಗ ವಿಧವೆಗೆ ಗಂಡನ ಆಸ್ತಿಯಲ್ಲಿ ದೊರೆಯುತ್ತಿದ್ದದ್ದು ಆಯುಷ್ಯವಿರುವ ವರೆಗಿನ ಅನುಭೋಗ ಮಾತ್ರ. ಮಗನಿದ್ದಲ್ಲಿ ಮಗಳಿಗೆ ಸಾಮಾನ್ಯವಾಗಿ ಪಾಲೇ ಇರಲಿಲ್ಲ. 1944ರಲ್ಲಿ ಪುನಃ ನೇಮಕವಾದ ಸಮಿತಿಯು ಪ್ರಾಂತಗಳಲ್ಲಿ ಸಂಚರಿಸಿ ಜನರ ಸಾಕ್ಷ್ಯವನ್ನು ಕೇಳಿ, ಮಗಳಿಗೂ ಪಾಲು ಇರಬೇಕೆಂದು ಕರಡನ್ನು ಸಿದ್ಧಪಡಿಸಿತು. ವಿರೋಧವು ಬಲವಾಗಿ ಎದ್ದಿತು. ಹೆಣ್ಣಿಗೆ ಆಸ್ತಿಯ ಪೂರ್ಣ ಒಡೆತನವನ್ನು ಕೊಟ್ಟ ಉತ್ತರಾಧಿಕಾರದ ಕಾನೂನು 1956ರಲ್ಲಿ ಬಂದಾಗ ಅದನ್ನು ನೋಡಲು ರಾಯರು ಉಳಿದಿರಲಿಲ್ಲ.

1946ರಲ್ಲಿ ರಾಯರು ಘಟನಾಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ವೇತನವನ್ನು ತೆಗೆದುಕೊಳ್ಳಲಿಲ್ಲ. ಜಗತ್ತಿನ ರಾಜ್ಯಘಟನೆಗಳನ್ನು ಶೋಧಿಸುವದು ಅವರ ಪಾಲಿಗೆ ಬಂದಿತು. ಅವುಗಳಲ್ಲಿ ಅಮೇರಿಕೆಯದು ಮುಖ್ಯವಾದುದು. 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದ 13 ವಸಾಹತುಗಳು ಮೊದಲು ಸಡಿಲಾದ ಒಕ್ಕೂಟವಾಗಿದ್ದು, 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಬಿಗಿಯಾದ ರಾಜ್ಯಘಟನೆಯನ್ನು ರಚಿಸಿಕೊಂಡವು. ಸಂಸ್ಥಾನಗಳಿಗೂ ಕೇಂದ್ರಕ್ಕೂ ಅಧಿಕಾರವನ್ನು ಹಂಚುವದೇ ಸಂಯುಕ್ತ ಪದ್ಧತಿ. ಕಾನೂನು ಮಾಡಲು ಕಾಂಗ್ರೆಸ್ಸು, ನಡೆಯಿಸಲು ಅಧ್ಯಕ್ಷ, ತೀರ್ಪು ಕೊಡಲು ಸರ್ವೋಚ್ಚ ನ್ಯಾಯಾಲಯ, ಹೀಗೆ ಬೇರೆಬೇರೆ ಮಾಡಿದುದು ಅಧಿಕಾರ ವಿಭಜನೆ. ಪ್ರಜೆಯ ಹಕ್ಕುಗಳು 1791ರಲ್ಲಿ 10 ತಿದ್ದುಪಡಿಗಳಾಗಿ ಸೇರಿದವು. ಯೋಗ್ಯ ನ್ಯಾಯವಿಧಿಯಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಸ್ವತ್ತುಗಳನ್ನೂ ಕಸಿಯಕೂಡದೆಂಬ ನಿಯಮವು ಅವುಗಳಲ್ಲೊಂದು.

ಈ ಯೋಗ್ಯ ನ್ಯಾಯವಿಧಿ ಎಂಬ ಮಾತೇ ರಾಯರನ್ನು ಚಿಂತೆಗೆ ಈಡುಮಾಡಿತು. 1947ರಲ್ಲಿ, 243 ಕಲಮುಗಳ ತಮ್ಮ ಕರಡನ್ನು ಸಿದ್ಧಪಡಿಸಿದ ಬಳಿಕ, ಅವರು ಅಮೇರಿಕೆಗೆ ಹೋಗಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫ್ರ್ಯಾಂಕ್‌ಫರ್ಟರರನ್ನು ಕಂಡರು. ಈ ಮಾತನ್ನು ಹಿಡಿದು ಕೆಲವೇ ನ್ಯಾಯಾಧೀಶರು ಪ್ರಜಾಪ್ರತಿನಿಧಿಗಳ ಕಾನೂನನ್ನು ಕೆಡವಬಲ್ಲರೆಂದು ಅವರು ಎಚ್ಚರಿಸಿದರು. ಅವರಿಗೆ ಅದು ಅನುಭವದ ಮಾತು. ವಾಷಿಂಗ್ಟನ್ನಿನ ಬಡ ಕೆಲಸಗಾರ್ತಿಯರಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ ಕಾನೂನಿನ ಪರವಾಗಿ ಅವರೇ ವಾದಿಸಿದ್ದರು. ಆ ಕಾನೂನನ್ನು ನ್ಯಾಯಾಲಯವು ಇದೇ ಮಾತಿನ ಬಲದಿಂದ 1923ರಲ್ಲಿ ರದ್ದುಮಾಡಿತ್ತು.

ರಾಯರು ಈ ಅಭಿಪ್ರಾಯವನ್ನು ತಾಯ್ನಾಡಿಗೆ ತಂದರು. ಡಾಕ್ಟರ್ ಅಂಬೇಡಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಮಾತನ್ನು ಬಿಟ್ಟು, ಕಾನೂನು ಗೊತ್ತುಪಡಿಸಿದ ಕ್ರಮವೆಂಬ ಮಾತನ್ನು ಜಪಾನಿನ 1946ರ ರಾಜ್ಯಘಟನೆಯ ಮಾದರಿಯಲ್ಲಿ ಇಟ್ಟಿತು. ಇದರಿಂದ ಬಡವರ ಹಿತದ ಕಾನೂನುಗಳಿಗೆ ಒಂದು ಅಡ್ಡಿ ತಪ್ಪಿತು. ಆದರೆ ಸೆರೆಯಲ್ಲಿದ್ದವನಿಗೆ ಒಂದು ಆಸರೆಯೂ ತಪ್ಪಿತು. 1950ರಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದ ಗೋಪಾಲನ್ನರು ಮೊರೆಯಿಟ್ಟಾಗ, ಕಾನೂನಿನ ಕ್ರಮವಿದ್ದರೆ ಸಾಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆ ಕ್ರಮವು ನ್ಯಾಯವೂ ಸಮಂಜಸವೂ ಆಗಿರಬೇಕೆಂಬ ತೀರ್ಪು 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಬಂದಿತು. ಬಿಟ್ಟ ಮಾತಿನ ಅರ್ಥವು 28 ವರ್ಷಗಳ ತರುವಾಯ ಬೇರೆ ಬಾಗಿಲಿನಿಂದ ಒಳಗೆ ಬಂದಂತಾಯಿತು. ಎಷ್ಟು ಜಾಣರು ತೂಗಿದರೂ ತಕ್ಕಡಿಯ ಎರಡು ತಟ್ಟೆಗಳನ್ನೂ ಕಾಲವೇ ಮತ್ತೆ ತೂಗುವದು.

ಆಮೇಲೆ ರಾಯರು ಸಂಯುಕ್ತ ರಾಷ್ಟ್ರಸಂಘದಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನಿನಲ್ಲಿ ಕೊರಿಯಾ ಯುದ್ಧವು ಹತ್ತಿದಾಗ ಭದ್ರತಾ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು. 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ದಿವಂಗತರಾದರು.

ಅಮೇರಿಕೆಯಲ್ಲಿ ರಾಜ್ಯಘಟನೆಯಾದ ಮೇಲೆ ದೇಶದ ಹೆಂಗಸರೆಲ್ಲರಿಗೂ ಮತದ ಹಕ್ಕನ್ನು ಸಾರುವ ತಿದ್ದುಪಡಿಯು ಬರಲು 1920ರ ವರೆಗೆ ಕಾಯಬೇಕಾಯಿತು; ನಮ್ಮ ರಾಜ್ಯಘಟನೆಯಲ್ಲಿ ಆ ಹಕ್ಕು ಮೊದಲ ದಿನದಿಂದಲೇ ಇದೆ. ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಹಳ್ಳಿಯಿಂದ ಶಾಲೆಗೆ ಬರುವ ಬಾಲಿಕೆಯು ತಿದ್ದುಪಡಿ, ಅಧಿಕಾರ ವಿಭಜನೆ, ಮೂಲಭೂತ ಹಕ್ಕು ಎಂಬ ಶಬ್ದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವಾಗ, ತನ್ನ ತಾಯಿಯ ಹೊಲದ ಪಾಲೂ ಕೂಲಿಯೂ ಮತವೂ ಇಂಥ ಶಬ್ದಗಳನ್ನೇ ಆಧರಿಸಿವೆಯೆಂದು ಅರಿತುಕೊಳ್ಳಲಿ. ಅರ್ಥವನ್ನು ತಿಳಿದು ಓದುವದೇ ಆ ಮೌನಸೇವಕರಿಗೆ ನಾವು ಸಲ್ಲಿಸಬಹುದಾದ ಗೌರವ.